44 ದಿನಗಳ ಪಥ್ಯ: ಮಲಯ ಬಾಣಂತನದ ಮದ್ದು ನಡೆದು ಬಂದ ದಾರಿ

ಮಲೇಷ್ಯಾದ ಮಲಯ ಕುಟುಂಬದಲ್ಲಿ ಹೆರಿಗೆಯಾದರೆ ಬಾಣಂತಿಗೆ ಬುದ್ಧಿಮಾತು ಮೂರು ಕಡೆಯಿಂದ ಬರುತ್ತದೆ. ಜಾಮು ಎಂಬ ಬೇರು, ತೊಗಟೆಗಳ ಮದ್ದು ಕುಡಿಯದಿದ್ದರೆ ಮೈ ಕೂಡಿಕೊಳ್ಳುವುದಿಲ್ಲ ಎನ್ನುತ್ತಾಳೆ ಹೆತ್ತ ತಾಯಿ. ಮಗುವಿಗೆ ಕಾಮಾಲೆ ಬಂದಿದೆಯೇ ಎಂದು ನೋಡಲು ಮನೆಗೆ ಬರುವ ಸರ್ಕಾರಿ ನರ್ಸ್, ಹಾಲೂಡಿಸುವಷ್ಟು ದಿನ ಅದನ್ನು ಮುಟ್ಟಲೇಬೇಡಿ ಎನ್ನುತ್ತಾರೆ. ಮೊಬೈಲ್ ತೆರೆದರೆ ಹೊಟ್ಟೆ ಇಳಿಸಿ, ಹಾಲು ಹೆಚ್ಚಿಸಿ, ಚರ್ಮಕ್ಕೂ ಹೊಳಪು ಕೊಡುವ ಡಬ್ಬಿ ಕಾಣಿಸುತ್ತದೆ. ಮೂವರೂ ಮಾತನಾಡುತ್ತಿರುವುದು ಒಂದೇ ಮದ್ದಿನ ಬಗ್ಗೆ ಎಂದು ಹೊರಗಿನವರಿಗೆ ಅನ್ನಿಸುತ್ತದೆ. ಸಿಕ್ಕು ಇರುವುದು ಅಲ್ಲಿಯೇ.

ಪಂತಾಂಗ್ ಎಂಬ ಈ ಬಾಣಂತನ ಸಾಮಾನ್ಯವಾಗಿ 40ರಿಂದ 44 ದಿನಗಳದ್ದು. ಇದರ ತರ್ಕವನ್ನು ಕನ್ನಡದ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ: ಹೆರಿಗೆಯಲ್ಲಿ ರಕ್ತ ಹೋಗಿ ಮೈ ತಣ್ಣಗಾಗಿರುತ್ತದೆ, ಅದನ್ನು ಕಾಯಿಸಬೇಕು. ಆದ್ದರಿಂದ ಸೌತೆಕಾಯಿ, ಎಳನೀರು, ಕುಂಬಳ ಬೇಡ. ಶುಂಠಿ, ಕಾಳುಮೆಣಸು, ಅರಿಶಿನ ಬೇಕು. ಪಥ್ಯ ಮುರಿದರೆ ಮೆರೊಯಾನ್ ಬಂದೀತು ಎಂಬ ಭಯ. ನಮ್ಮ ಹಳ್ಳಿಗಳಲ್ಲಿ ಬಾಣಂತಿ ಸನ್ನಿ ಎಂದು ಹೆದರುತ್ತಿದ್ದುದಕ್ಕೆ ತೀರ ಹತ್ತಿರದ್ದು.

ಆರೈಕೆಯ ಒಂದು ಭಾಗ ಮೈಮೇಲಿನದು. ಹೊಳೆಕಲ್ಲನ್ನು ಬೆಂಕಿಯಲ್ಲಿ ಕಾಯಿಸಿ, ಎಲೆಗಳಲ್ಲಿ ಸುತ್ತಿ, ಮೇಲೆ ಬಟ್ಟೆ ಕಟ್ಟಿ ಹೊಟ್ಟೆಗೂ ಸೊಂಟಕ್ಕೂ ಒತ್ತಿ ಶಾಖ ಕೊಡುತ್ತಾರೆ, ಇದು ತುಂಗ್ಕು. ಎಣ್ಣೆ ಹಚ್ಚಿ ತಿಕ್ಕುವುದು ಉರುತ್. ಸುಣ್ಣಕ್ಕೆ ನಿಂಬೆರಸ ಕಲಸಿ ಹೊಟ್ಟೆಗೆ ಬಳಿದು, ಎದೆಯ ಕೆಳಗಿನಿಂದ ಸೊಂಟದವರೆಗೆ ಬಿಗಿಯಾಗಿ ಸುತ್ತುವ ಉದ್ದನೆಯ ಬಟ್ಟೆಯೇ ಬೆಂಗ್ಕುಂಗ್. ಇನ್ನೊಂದು ಭಾಗ ಹೊಟ್ಟೆಗೆ ಹೋಗುವುದು: ಬೇರು, ತೊಗಟೆಗಳ ಕಷಾಯ, ಪುಡಿ, ಉಂಡೆ. ಕಾಡಿನ ನೆರಳಲ್ಲಿ ಬೆಳೆಯುವ ಕಾಚಿಪ್ ಫಾತಿಮಾ ಇದರಲ್ಲಿ ಮುಖ್ಯವಾದದ್ದು. ಮಂಜಾಕಾನಿಯೂ ಉಂಟು. ಅದನ್ನು ಕೈಗೆತ್ತಿಕೊಂಡ ಕನ್ನಡತಿಗೆ ಗುರುತು ಸಿಗದೇ ಇರದು, ಅದು ಮಕ್ಕಳಿಗೆ ತೇಯ್ದು ನೆಕ್ಕಿಸುವ ನಮ್ಮ ಮಾಚಿಕಾಯಿಯೇ. ಹೆಸರಿಗೆ ಕಾಯಿ, ನಿಜದಲ್ಲಿ ಓಕ್ ಜಾತಿಯ ಮರದ ಮೇಲೆ ಒಂದು ಬಗೆಯ ಕಣಜ ಮೊಟ್ಟೆಯಿಟ್ಟಾಗ ಏಳುವ ಗಂಟು. ಆ ಮರ ಮಲಯ ನಾಡಿನದಲ್ಲ, ನಮ್ಮದೂ ಅಲ್ಲ. ಪಶ್ಚಿಮ ಏಷ್ಯಾದಿಂದ ವ್ಯಾಪಾರಿಗಳು ಎರಡೂ ಕಡೆಗೆ ತಂದದ್ದು. ಅರಬ್ಬರ ವೈದ್ಯ, ಭಾರತದ ಸಂಬಾರ, ಜಾವಾದ ಜಾಮು, ಕಾಡಿನವರ ಬೇರು, ಹೀಗೆ ಹಲವು ಶತಮಾನ ಕೂಡಿ ಬಂದದ್ದನ್ನೇ ಇಂದು ಅಪ್ಪಟ ಮಲಯ ಪರಂಪರೆ ಎನ್ನುತ್ತಾರೆ. ಪರಂಪರೆಗಳೆಲ್ಲ ಹೆಚ್ಚುಕಡಿಮೆ ಹೀಗೆಯೇ.

ಇದೆಲ್ಲವೂ ಒಬ್ಬಳ ಕೈಯಲ್ಲಿತ್ತು. ಅವಳು ಬಿದಾನ್ ಕಂಪುಂಗ್, ಊರ ಸೂಲಗಿತ್ತಿ. ಏಳನೇ ತಿಂಗಳಲ್ಲಿ ಎಲೆಅಡಿಕೆಯ ತಟ್ಟೆಯೊಂದಿಗೆ ಹೋಗಿ ಅವಳನ್ನು ಗೊತ್ತುಮಾಡುತ್ತಿದ್ದರು. ಹೆರಿಗೆ ಮಾಡಿಸಿ, ತಿಕ್ಕಿ, ಕಟ್ಟಿ, ಕಷಾಯ ಕುದಿಸುವುದು ಅವಳ ಕೆಲಸ. ಆದರೆ ಹೊಕ್ಕುಳಬಳ್ಳಿಯನ್ನು ಬಿದಿರಿನ ಸಿಬಿರಿನಿಂದ ಕತ್ತರಿಸುತ್ತಿದ್ದುದೂ ಅವಳೇ. ನಂಜು, ಧನುರ್ವಾಯು, ನಿಲ್ಲದ ರಕ್ತಸ್ರಾವಕ್ಕೆ ಅವಳಲ್ಲಿ ಮದ್ದಿರಲಿಲ್ಲ. ಮಲಯ ಸ್ವತಂತ್ರವಾದ 1957ರಲ್ಲಿ ಲಕ್ಷ ಜನನಕ್ಕೆ ಸುಮಾರು 280 ತಾಯಂದಿರು ಸಾಯುತ್ತಿದ್ದರು. ಹಿಂದಿನದೆಲ್ಲ ಚಿನ್ನ ಎನ್ನುವವರು ಈ ಅಂಕಿಯನ್ನು ದಾಟಿಕೊಂಡು ಮಾತನಾಡುತ್ತಾರೆ.

1950ರ ದಶಕದಲ್ಲಿ ಶುರುವಾದ ಗ್ರಾಮೀಣ ಆರೋಗ್ಯ ಯೋಜನೆಯಲ್ಲಿ 2,000 ಜನಕ್ಕೊಂದು ಸೂಲಗಿತ್ತಿ ಕ್ಲಿನಿಕ್ ಎಂದು ಗೊತ್ತಾಯಿತು. ಕ್ಲಿನಿಕ್ಕಿಗೇ ಅಂಟಿಕೊಂಡ ಮನೆ, ಅದರಲ್ಲಿ ತರಬೇತಿ ಪಡೆದ ಹುಡುಗಿ. ಹತ್ತು ಮಕ್ಕಳನ್ನು ಹೆತ್ತ ಹೆಂಗಸು ಮದುವೆಯೂ ಆಗದ ಆ ಹುಡುಗಿಯನ್ನು ಏಕೆ ನಂಬಬೇಕು? ಈ ಕಷ್ಟ ಅರಿತ ಅಧಿಕಾರಿಗಳು ಹಳಬರನ್ನು ಓಡಿಸಲು ಹೋಗಲಿಲ್ಲ. 1966ರ ಸೂಲಗಿತ್ತಿಯರ ಕಾಯಿದೆ ಅವರನ್ನೂ ನೋಂದಣಿಗೆ ಕರೆಯಿತು. ಸ್ವಚ್ಛತೆಯ ಪಾಠ ಹೇಳಿ, ಕತ್ತರಿ ಇರುವ ಪೆಟ್ಟಿಗೆ ಕೊಟ್ಟರು. ಎಷ್ಟೋ ಮನೆಗಳಲ್ಲಿ ಇಬ್ಬರೂ ಬರುವ ಪರಿಪಾಠ ಬೆಳೆಯಿತು. ಮಗುವನ್ನು ಎತ್ತಿಕೊಳ್ಳುವುದು ಕಿರಿಯಳು, ತಾಯಿಯನ್ನು ನೋಡಿಕೊಳ್ಳುವುದು ಹಿರಿಯಳು. ಈ ಇತಿಹಾಸದಲ್ಲಿ ಅತಿ ಜಾಣತನದ ಘಟ್ಟ ಇದೇ ಎಂದರೆ ತಪ್ಪಾಗದು.

1970ರ ದಶಕದಲ್ಲಿ ತೆರೆಂಗಾನು ರಾಜ್ಯದ ಹಳ್ಳಿಯಲ್ಲಿದ್ದು ಅಧ್ಯಯನ ಮಾಡಿದ ಅಮೆರಿಕದ ಮಾನವಶಾಸ್ತ್ರಜ್ಞೆಯೊಬ್ಬರು, ಬಾಯಲ್ಲಿ ಹೇಳುವ ಪಥ್ಯಕ್ಕೂ ತಟ್ಟೆಯಲ್ಲಿರುವ ಊಟಕ್ಕೂ ಅಂತರವಿರುವುದನ್ನು ಕಂಡರು. ನಿಷೇಧ ಕಲ್ಲಿನ ಮೇಲೆ ಬರೆದದ್ದಾಗಿರಲಿಲ್ಲ. ಸ್ವಲ್ಪ ತಿಂದು ನೋಡಿ, ಏನೂ ಆಗದಿದ್ದರೆ ಮುಂದುವರಿಸುವವರಿದ್ದರು. ಮೈ ನೋಡಿ ಸಡಿಲಿಸಲು ಎದುರಿಗೆ ಅನುಭವಸ್ಥಳೊಬ್ಬಳು ಇದ್ದಳು ಎಂಬುದನ್ನು ಮರೆಯಬಾರದು.

ಮುಂದಿನದು ಬೇಗ ನಡೆಯಿತು. ರಸ್ತೆ ಬಂತು, ಆಸ್ಪತ್ರೆ ಬಂತು, ಹೆರಿಗೆ ಮನೆಯಿಂದ ಹೊರಗೆ ಹೋಯಿತು, ತಾಯಂದಿರ ಸಾವು ಸುಮಾರು ಹತ್ತನೇ ಒಂದು ಪಾಲಿಗೆ ಇಳಿಯಿತು. ಕೆಲಸ ಕಳೆದುಕೊಂಡ ಸೂಲಗಿತ್ತಿ ತಿಕ್ಕುವವಳಾಗಿ ಉಳಿದಳು, ಅವಳ ಮಗಳು ಕಾರ್ಖಾನೆಗೆ ಹೋದಳು. ಕಷಾಯ ಮಾತ್ರ ಎಲ್ಲಿಗೂ ಹೋಗಲಿಲ್ಲ. ಅದು ಮಾತ್ರೆಯಾಗಿ, ಪೆಟ್ಟಿಗೆಯಾಗಿ ಅಂಗಡಿಗೆ ಬಂತು. 1992ರಿಂದ ಸಾಂಪ್ರದಾಯಿಕ ಔಷಧಗಳೂ ನೋಂದಣಿಯಾಗಬೇಕೆಂದಾಯಿತು. 2007ರಲ್ಲಿ ಪೆನಾಂಗ್‌ನ ಕೆಪಾಲಾ ಬತಾಸ್ ಸರ್ಕಾರಿ ಆಸ್ಪತ್ರೆಯಲ್ಲಿ ಪರಂಪರಾಗತ ಚಿಕಿತ್ಸೆಯ ಘಟಕ ತೆರೆಯಿತು, ಬೇರೆ ಆಸ್ಪತ್ರೆಗಳಲ್ಲೂ ಇಂಥವು ಬಂದವು. ಬಾಣಂತಿಯರಿಗೆ ತಿಕ್ಕುವ, ಶಾಖ ಕೊಡುವ, ಕಟ್ಟುವ ಸೇವೆ ಅಲ್ಲಿ ಮತ್ತೆ ಸಿಕ್ಕಿತು. 2010ರ ನಂತರದ ಆರ್ಥಿಕ ಯೋಜನೆಯಲ್ಲಿ ಸರ್ಕಾರ ಆರಿಸಿಕೊಂಡ ಐದು ಮೂಲಿಕೆಗಳಲ್ಲಿ ಕಾಚಿಪ್ ಫಾತಿಮಾಗೆ ಜಾಗವಿತ್ತು. ನಮ್ಮ ನೆಲಬೇವು, ನೆಲನೆಲ್ಲಿಗಳೂ ಅದೇ ಪಟ್ಟಿಯಲ್ಲಿದ್ದವು. 2016ರ ಕಾಯಿದೆ ಚಿಕಿತ್ಸಕರ ನೋಂದಣಿಯನ್ನು ಹಂತಹಂತವಾಗಿ ಕಡ್ಡಾಯ ಮಾಡಲು ಹೊರಟಿತು.

ಹೀಗೆ ಒಬ್ಬಳ ಕೆಲಸ ಹಲವರಿಗೆ ಹಂಚಿಹೋಯಿತು. ತಿಕ್ಕುವವಳಿಗೆ ಕಷಾಯದ ಹೊಣೆಯಿಲ್ಲ, ಮಾರುವವನಿಗೆ ಬಾಣಂತಿಯ ಮುಖವೇ ಗೊತ್ತಿಲ್ಲ. ಬೇಡವೆಂದ ನರ್ಸ್‌ನ ಎದುರು ಡಬ್ಬಿ ಮಂಚದ ಕೆಳಗೆ ಸೇರುತ್ತದೆ, ಆದ್ದರಿಂದ ಯಾರು ಏನು ಕುಡಿಯುತ್ತಿದ್ದಾರೆ ಎಂಬುದು ದಾಖಲೆಗೂ ಬರುವುದಿಲ್ಲ.

ಸದ್ಯ ಕೊಳ್ಳುವವರ ಕೈಯಲ್ಲಿರುವುದು ಪೆಟ್ಟಿಗೆಯ ಮೇಲಿನ ನೋಂದಣಿ ಸಂಖ್ಯೆ ಮಾತ್ರ. ‘ಮಾಲ್’ (MAL) ಎಂದು ಆರಂಭವಾಗಿ, ಅಂಕಿಗಳಾದ ಮೇಲೆ ‘ಟಿ’ (T) ಅಕ್ಷರವಿದ್ದರೆ ಅದು ಸಾಂಪ್ರದಾಯಿಕ ಔಷಧವೆಂದು ನೋಂದಾಯಿತವಾದದ್ದು. ಸೀಸ, ಪಾದರಸದಂಥ ಭಾರಲೋಹಗಳು ಮಿತಿಯೊಳಗಿವೆಯೇ, ಸೂಕ್ಷ್ಮಾಣುಗಳಿವೆಯೇ, ಸ್ಟೆರಾಯ್ಡ್ ಬೆರೆಸಿದ್ದಾರೆಯೇ ಎಂಬ ಪರೀಕ್ಷೆಗಳನ್ನು ಅದು ದಾಟಿರಬೇಕು. ಸಂಖ್ಯೆಯೇ ಇಲ್ಲದ ಪುಡಿಗಳು ಆನ್‌ಲೈನ್‌ನಲ್ಲಿ ಧಾರಾಳವಾಗಿ ಸಿಗುತ್ತವೆ. ಸಂಖ್ಯೆ ಇದ್ದರೂ, ಗರ್ಭಕೋಶ ಕುಗ್ಗಿಸುತ್ತದೆ ಎಂಬ ಮಾತು ಸಾಬೀತಾಗಿದೆ ಎಂದಲ್ಲ, ಎದೆಹಾಲಿನ ಮೂಲಕ ಮಗುವಿಗೆ ಎಷ್ಟು ತಲುಪುತ್ತದೆ ಎಂಬುದನ್ನು ಅಳೆದಿದ್ದಾರೆ ಎಂದೂ ಅಲ್ಲ.