ಪದ ಪರಿಚಯ: ಯ್ಯಾಕಿಯೆಕ್ಕೊಲೇಯೊನ

ಬಾಯಿ ತೊಡರಿಸುವ ಪದವೇನೋ ಹೌದು, ಬಿಡಿಸಿದರೆ ಸಲೀಸು. ಫಿನ್ನಿಶ್ ಭಾಷೆಯಲ್ಲಿ ‘ಯ್ಯಾ’ ಎಂದರೆ ಮಂಜುಗಡ್ಡೆ, ‘ಕಿಯೆಕ್ಕೊ’ ಎಂದರೆ ಬಿಲ್ಲೆ, ‘ಲೇಯೊನ’ ಎಂದರೆ ಸಿಂಹ. ಮೊದಲೆರಡು ಕೂಡಿದರೆ ಐಸ್ ಹಾಕಿ. ಅಲ್ಲಿ ಕೋಲಿಗೆ ಸಿಗುವುದು ಚೆಂಡಲ್ಲ, ಗಟ್ಟಿ ರಬ್ಬರಿನ ಕರಿ ಬಿಲ್ಲೆ. ಮೂರನೆಯದೂ ಕೂಡಿದರೆ ಐಸ್ ಹಾಕಿ ಸಿಂಹ. ಪದಕ್ಕೆ ಪದ ಅಂಟಿಸಿ ಉದ್ದ ಮಾಡುವ ಚಟ ನಮಗೂ ಇದೆಯಲ್ಲ, ಹಾಗಾಗಿ ಇದು ಅಷ್ಟೇನೂ ಪರಕೀಯ ಅನ್ನಿಸಬೇಕಿಲ್ಲ.

ಫಿನ್ಲೆಂಡಿನ ಕಾಡಿನಲ್ಲಿ ಕರಡಿಯಿದೆ, ತೋಳವಿದೆ, ಸಿಂಹವಿಲ್ಲ. ಸಿಂಹ ಇರುವುದು ಅವರ ರಾಷ್ಟ್ರಲಾಂಛನದಲ್ಲಿ, ಅಲ್ಲಿಂದ ಇಳಿದು ಆಟಗಾರರ ಜೆರ್ಸಿಯ ಎದೆಯ ಮೇಲೆ. ದೇಶದ ಐಸ್ ಹಾಕಿ ತಂಡದ ಹೆಸರೇ ‘ಲೇಯೊನತ್’, ಸಿಂಹಗಳು. ಅದರಲ್ಲಿ ಆಡಿದವರೆಲ್ಲ ಒಂದು ಲೆಕ್ಕದಲ್ಲಿ ಸಿಂಹಗಳೇ. ಆದರೆ ಆಟ ಮುಗಿಸಿದ ಮೇಲೆ ಆಯ್ದ ಕೆಲವರಿಗಷ್ಟೇ ಈ ಉದ್ದನೆಯ ಬಿರುದು ಸಿಗುತ್ತದೆ. ಕೋಚ್, ರೆಫರಿಗಳಿಗೂ ಉಂಟು.

ಇಂಗ್ಲಿಷಿನವರು ಇದನ್ನು ‘ಹಾಲ್ ಆಫ್ ಫೇಮ್’ ಅನ್ನುತ್ತಾರೆ. ಅಲ್ಲಿ ದೊಡ್ಡ ಆಟಗಾರ ಒಂದು ಸಭಾಂಗಣದ ಒಳಗೆ ಹೋಗುತ್ತಾನೆ, ಫಿನ್ನಿಶಿನಲ್ಲಿ ಅವನೇ ಸಿಂಹವಾಗುತ್ತಾನೆ. ನನಗೆ ಎರಡನೆಯದೇ ಇಷ್ಟ. ಹಾಗಂತ ಕಟ್ಟಡ ಇಲ್ಲವೆಂದಲ್ಲ: ತಾಂಪೆರೆ ಊರಿನಲ್ಲಿ, ಹೊಳೆಯ ದಂಡೆಯ ಹಳೇ ಕಾರ್ಖಾನೆಯೊಂದು ಈಗ ವಾಪ್ರೀಕ್ಕಿ ಎಂಬ ಮ್ಯೂಸಿಯಂ. ಐಸ್ ಹಾಕಿಯ ಸಂಗ್ರಹವೂ ಸಿಂಹಗಳ ಸಾಲೂ ಅದರೊಳಗೇ.

ಇದರ ಜೊತೆಗೆ ಇನ್ನೊಂದು ಪದ ಹೇಳಲೇಬೇಕು: ‘ಯ್ಯಾದ್ಯುತ್ತ್ಯಾ’, ಹೆಪ್ಪುಗಟ್ಟಿಸು. ದೊಡ್ಡ ಆಟಗಾರನ ಜೆರ್ಸಿ ಸಂಖ್ಯೆಯನ್ನು ಮುಂದೆ ಯಾರಿಗೂ ಕೊಡದಿರುವುದಕ್ಕೆ ಇಂಗ್ಲಿಷಿನಲ್ಲಿ ನಿವೃತ್ತಿ ಅನ್ನುತ್ತಾರೆ, ಪಿಂಚಣಿ ಕೊಟ್ಟ ಹಾಗೆ. ಫಿನ್ಲೆಂಡಿನವರು ಸಂಖ್ಯೆಯನ್ನು ಮಂಜುಗಡ್ಡೆಯಾಗಿಸುತ್ತಾರೆ. ಕೆನಡಾದ ಎಡ್ಮಂಟನ್ ತಂಡದ ಪರವಾಗಿ ಐದು ಸಲ ಸ್ಟ್ಯಾನ್ಲಿ ಕಪ್ (ಉತ್ತರ ಅಮೆರಿಕದ ದೊಡ್ಡ ಲೀಗ್‌ನ ಟ್ರೋಫಿ) ಗೆದ್ದ ಯಾರಿ ಕುರ್ರಿಯ 17 ಹೀಗೆ ಹೆಪ್ಪುಗಟ್ಟಿದೆ. 6 ಒಲಿಂಪಿಕ್ಸ್ ಆಡಿದ ರೈಮೊ ಹೆಲ್ಮಿನೆನ್‌ನ 14 ಕೂಡ.

ದೇಶದ ಲೀಗ್‌ನ ಟ್ರೋಫಿಗಳಿಗೂ ಹಳಬರ ಹೆಸರೇ. ಉತ್ತಮ ಗೋಲ್‌ಕೀಪರಿಗೆ ಉರ್ಪೊ ಯ್ಲೊನೆನ್ ಟ್ರೋಫಿ, ಅತಿ ಹೆಚ್ಚು ಗೋಲು ಹೊಡೆದವನಿಗೆ ಆರ್ನೆ ಹೊಂಕವಾರಾ ಟ್ರೋಫಿ. ವರ್ಷದ ಉತ್ತಮ ಹೊಸ ಆಟಗಾರನಿಗೆ ಕೊಡುವುದು ಯಾರ್ಮೊ ವಾಸಮಾ ಹೆಸರಿನ ಸ್ಮಾರಕ ಟ್ರೋಫಿ. ವಾಸಮಾ 1966ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡಾಗ ಅವನಿಗಿನ್ನೂ 22. ಆಗತಾನೇ ಬೆಳೆಯುತ್ತಿರುವ ಹುಡುಗರ ಕೈಗೆ ಆ ಹೆಸರು ಕೊಟ್ಟವರು ಯೋಚಿಸಿಯೇ ಕೊಟ್ಟಿರಬೇಕು.

ಬಿರುದು ಅಂದರೆ ಆಟ ಮುಗಿದದ್ದರ ಗುರುತು ಎಂದುಕೊಂಡವರಿಗೆ ಫಿನ್ಲೆಂಡಿನ ಆಟಗಾರ್ತಿ ರೀಕ್ಕಾ ವ್ಯಾಲಿಲ್ಯಾ ಇದ್ದಾರೆ. 1998ರ ನಾಗನೊದಲ್ಲಿ ಮಹಿಳೆಯರ ಐಸ್ ಹಾಕಿ ಮೊದಲ ಬಾರಿ ಒಲಿಂಪಿಕ್ಸಿಗೆ ಬಂದಾಗ ಅವರ ತಂಡಕ್ಕೆ ಕಂಚು. ಆಮೇಲೆ ಆಟ ಬಿಟ್ಟರು, 2010ರಲ್ಲಿ ಅಂತರರಾಷ್ಟ್ರೀಯ ಐಸ್ ಹಾಕಿ ಒಕ್ಕೂಟದ ಗೌರವ ಪಟ್ಟಿಗೂ ಸೇರಿದರು. ಅಲ್ಲಿಗೆ ಎಲ್ಲ ಮುಗಿಯಿತು ಅನ್ನುವಾಗ ಸ್ಕೇಟ್ ಮತ್ತೆ ಕಟ್ಟಿದರು. 2018ರ ಪ್ಯೊಂಗ್‌ಚಾಂಗ್ ಒಲಿಂಪಿಕ್ಸಿನಲ್ಲಿ ಮತ್ತೆ ಕಂಚು. ಆಗ ಅವರಿಗೆ 44 ವರ್ಷ.