ಪಿತ್ತಕೋಶಕ್ಕೆ 'ಸದ್ಯಕ್ಕೆ' ಒಂದು ಪೈಪು

ಐಸಿಯು ಬಾಗಿಲಲ್ಲಿ ನಿಂತ ಮನೆಯವರಿಗೆ ಡಾಕ್ಟರು ಹೇಳುತ್ತಾರೆ: "ಪಿತ್ತಕೋಶದಲ್ಲಿ ಕೀವು ತುಂಬಿದೆ. ಆಪರೇಷನ್ ತಡ್ಕೊಳ್ಳೋ ಸ್ಥಿತಿಯಲ್ಲಿ ಇಲ್ಲ. ಸದ್ಯಕ್ಕೆ ಒಂದು ಪೈಪ್ ಹಾಕ್ತೀವಿ." ಈ 'ಸದ್ಯಕ್ಕೆ' ಮೇಲೆ ವೈದ್ಯರಲ್ಲೇ ವರ್ಷಗಳಿಂದ ಜಗಳ ನಡೆದಿದೆ. ಪೈಪು ಜೀವ ಉಳಿಸುತ್ತದೆ ಅನ್ನುವವರೂ ಇದ್ದಾರೆ, ಅದರಿಂದ ತೊಂದರೆಯೇ ಜಾಸ್ತಿ ಅನ್ನುವವರೂ ಇದ್ದಾರೆ. ಎರಡೂ ಕಡೆಯವರ ಕೈಯಲ್ಲಿ ಪುರಾವೆ ಇದೆ.

ಪಿತ್ತಕೋಶ ಅಂದರೆ ಲಿವರ್‌ನ ಅಡಿಗೆ ಅಂಟಿಕೊಂಡ ಪುಟ್ಟ ಚೀಲ. 30ರಿಂದ 50 ಮಿಲಿಲೀಟರ್ ಪಿತ್ತರಸ ಹಿಡಿಯುತ್ತದೆ, ಅಷ್ಟೇ. ಅದರ ಕತ್ತಿನಲ್ಲಿ ಕಲ್ಲು ಸಿಕ್ಕಿಕೊಂಡರೆ ರಸ ಹೊರಗೆ ಹೋಗಲು ದಾರಿಯಿಲ್ಲ. ಚೀಲ ಉಬ್ಬುತ್ತದೆ, ಸೋಂಕು ಸೇರುತ್ತದೆ. ದಿನಗಟ್ಟಲೆ ಬಾಯಿಂದ ಊಟವಿಲ್ಲದೆ ಐಸಿಯುನಲ್ಲಿ ಮಲಗಿದವರಿಗೆ ಕಲ್ಲೇ ಇಲ್ಲದೆಯೂ ಹೀಗಾಗುವುದುಂಟು.

ಹಳೆಯ ಕಥೆ ಚಿಕ್ಕದು. 1867ರಲ್ಲಿ ಅಮೆರಿಕದ ಜಾನ್ ಬಾಬ್ಸ್ ಪಿತ್ತಕೋಶವನ್ನು ಕೊಯ್ದು ಕಲ್ಲು ತೆಗೆದು ಮತ್ತೆ ಹೊಲಿದರು. 1882ರಲ್ಲಿ ಬರ್ಲಿನ್‌ನ ಕಾರ್ಲ್ ಲಾಂಗೆನ್‌ಬುಖ್ ಚೀಲವನ್ನೇ ಕಿತ್ತು ಹಾಕಿದರು. ಚೀಲ ಉಳಿದರೆ ಕಲ್ಲು ಮತ್ತೆ ಹುಟ್ಟುತ್ತದೆ ಅನ್ನೋದು ಅವರ ವಾದ. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಅದೇ ಕೆಲಸವನ್ನು ಲ್ಯಾಪರೋಸ್ಕೋಪಿಯಲ್ಲಿ, ಅಂದರೆ ಚಿಕ್ಕ ತೂತುಗಳ ಮೂಲಕ, ಮಾಡಿದರು. ತೆರೆದು ಖಾಲಿ ಮಾಡೋದಾ, ಪೂರ್ತಿ ತೆಗೆಯೋದಾ ಅನ್ನೋ ಪ್ರಶ್ನೆ ಮೊದಲಿಂದಲೂ ಇತ್ತು ಅಲ್ವಾ? ಗೆದ್ದದ್ದು ತೆಗೆಯುವ ಪಕ್ಷ.

ಸೋತ ಪಕ್ಷಕ್ಕೆ ಮರುಜೀವ ಕೊಟ್ಟದ್ದು ಅಲ್ಟ್ರಾಸೌಂಡ್. 1980ರ ಸುಮಾರಿಗೆ, ಹೊಟ್ಟೆ ಕೊಯ್ಯದೆ ಸ್ಕ್ಯಾನ್ ನೋಡಿಕೊಂಡೇ ಚರ್ಮದ ಮೂಲಕ ಪಿತ್ತಕೋಶಕ್ಕೆ ನಳಿಕೆ ಇಳಿಸಿದ ವರದಿಗಳು ಬರತೊಡಗಿದವು. ಇದರ ನಿಜವಾದ ಬೆಲೆ ಗೊತ್ತಾಗೋದು ಹಾಸಿಗೆ ಪಕ್ಕದಲ್ಲಿ. ರೋಗಿ ವೆಂಟಿಲೇಟರ್ ಮೇಲೆ ಇರುತ್ತಾರೆ, ಬಿಪಿ ಹಿಡಿದಿಡೋ ಔಷಧಿ ಪಂಪಿನಲ್ಲಿ ಹರಿಯುತ್ತಿರುತ್ತದೆ. ಇಷ್ಟನ್ನೂ ಕಟ್ಟಿಕೊಂಡು ಸಿಟಿ ಕೋಣೆಗೆ ಹೋಗಿ ಬರೋದೇ ಒಂದು ಗಂಡಾಂತರ. ಅಲ್ಟ್ರಾಸೌಂಡ್ ಮಷೀನಿಗೋ ಚಕ್ರಗಳಿವೆ, ಅದೇ ರೋಗಿಯ ಹತ್ತಿರ ಬರುತ್ತದೆ.

ಬಲ ಪಕ್ಕೆಲುಬುಗಳ ಹತ್ತಿರ ಪ್ರೋಬ್ ಇಟ್ಟರೆ ಪರದೆಯಲ್ಲಿ ಕಪ್ಪು ಚೀಲ ಕಾಣುತ್ತದೆ. ದಪ್ಪಗಾದ ಗೋಡೆ, ತಳದಲ್ಲಿ ಬೂದು ಬಣ್ಣದ ಗಸಿ. ಚರ್ಮ ಮರಗಟ್ಟಿಸಿ, ಚಿಕ್ಕ ಗಾಯ ಮಾಡಿ ಸೂಜಿ ಬಿಡುತ್ತಾರೆ. ಸೂಜಿಯನ್ನು ಸಾಮಾನ್ಯವಾಗಿ ಬೇಕಂತಲೇ ಲಿವರ್‌ನ ಒಂದಿಷ್ಟು ಭಾಗದ ಮೂಲಕ ಒಯ್ಯುತ್ತಾರೆ. ಲಿವರ್ ನಳಿಕೆಯನ್ನು ಸುತ್ತಲೂ ಬಿಗಿಯಾಗಿ ಹಿಡಿಯುತ್ತದೆ, ಪಿತ್ತರಸ ಹೊಟ್ಟೆಯೊಳಗೆ ಸೋರೋದು ಕಡಿಮೆ. ರಕ್ತ ಹೆಪ್ಪುಗಟ್ಟುವುದರಲ್ಲಿ ತೊಂದರೆ ಇದ್ದರೆ ಮಾತ್ರ ಲಿವರ್ ತಪ್ಪಿಸಿ ಹೋಗುವ ಲೆಕ್ಕಾಚಾರ. ಸೂಜಿಯ ತುದಿ ಬಿಳಿ ಚುಕ್ಕೆಯಂತೆ ಮುಂದೆ ಸರಿಯುತ್ತದೆ. ಚೀಲದ ಗೋಡೆ ಮೊದಲು ಒಳಕ್ಕೆ ತಗ್ಗಿ, ಆಮೇಲೆ ಟಪ್ ಅಂತ ದಾರಿ ಬಿಡುತ್ತದೆ. ತಂತಿ ಒಳಗೆ ಹೋಗುತ್ತದೆ, ಅದರ ಮೇಲೆ ದಾರಿ ಹಿಗ್ಗಿಸಿ ಸುಮಾರು 2.7 ಮಿಲಿಮೀಟರ್ ದಪ್ಪದ ನಳಿಕೆ (ವೈದ್ಯರ ಅಳತೆಯಲ್ಲಿ '8 ಫ್ರೆಂಚ್'). ಒಳಗೆ ಹೋದ ಮೇಲೆ ಅದರ ತುದಿ ಹಂದಿ ಬಾಲದಂತೆ ಸುರುಳಿ ಸುತ್ತಿಕೊಳ್ಳುತ್ತದೆ. ಹೊರಬರುವ ರಸ ಹಸಿರು ಇರಬಹುದು, ಡಿಕಾಕ್ಷನ್‌ನಂತೆ ಕಪ್ಪಗಿರಬಹುದು, ಬರೀ ಕೀವೂ ಇರಬಹುದು. ಯಾವ ಬ್ಯಾಕ್ಟೀರಿಯಾ ಅಂತ ತಿಳಿಯಲು ಸ್ವಲ್ಪ ಕಲ್ಚರ್‌ಗೆ ಹೋಗುತ್ತದೆ. ಎಷ್ಟೋ ಜನರಿಗೆ ಎರಡು ಮೂರು ದಿನದಲ್ಲಿ ಜ್ವರ ಇಳಿಯುತ್ತದೆ.

ಇಷ್ಟು ಸಲೀಸಾದ ಮೇಲೆ ಬಳಕೆ ಹೆಚ್ಚದೆ ಇರುತ್ತದೆಯೇ? ಪಿತ್ತಕೋಶದ ಸೋಂಕಿನ ಚಿಕಿತ್ಸೆಗೆ ವೈದ್ಯರು ನೋಡುವ 2007ರ ಟೋಕಿಯೋ ಮಾರ್ಗಸೂಚಿ, ತೀವ್ರ ಸೋಂಕಿನವರಿಗೆ ಮೊದಲು ರಸ ಹೊರತೆಗೆಯಿರಿ ಎಂದಿತು. ಕ್ರಮೇಣ ವಯಸ್ಸಾಯಿತು, ಸಕ್ಕರೆ ಕಾಯಿಲೆ ಇದೆ, ಹೃದಯ ವೀಕು ಅಂತ ವಾರ್ಡಿನಲ್ಲಿ ಕೂತು ಮಾತಾಡುವ ರೋಗಿಗೂ ಪೈಪು ಬಂತು. 2018ರ ಹೊತ್ತಿಗೆ ಟೋಕಿಯೋ ಮಾರ್ಗಸೂಚಿಯೇ ಸಡಿಲಾಯಿತು: ನುರಿತ ಕೇಂದ್ರಗಳಲ್ಲಿ, ಆಯ್ದ ರೋಗಿಗಳಿಗೆ, ತೀವ್ರ ಹಂತದಲ್ಲೂ ಆಪರೇಷನ್ ಮಾಡಬಹುದು ಎಂದಿತು.

ಅದೇ ವರ್ಷ ನೆದರ್ಲೆಂಡ್ಸ್‌ನ 'ಚಾಕೊಲೇಟ್' ಅನ್ನೋ ಅಧ್ಯಯನ ಪ್ರಕಟವಾಯಿತು. ಅಪಾಯ ಜಾಸ್ತಿ ಇರುವ 142 ಜನರಲ್ಲಿ ಅರ್ಧದಷ್ಟು ಜನರಿಗೆ ಪೈಪು, ಉಳಿದವರಿಗೆ ಲ್ಯಾಪರೋಸ್ಕೋಪಿ ಆಪರೇಷನ್. ಸಾವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ದೊಡ್ಡ ತೊಂದರೆಗಳು ಮಾತ್ರ ಪೈಪಿನವರಲ್ಲಿ ಶೇ. 65, ಆಪರೇಷನ್ ಆದವರಲ್ಲಿ ಶೇ. 12. ವ್ಯತ್ಯಾಸ ಎಷ್ಟಿತ್ತೆಂದರೆ ಅಧ್ಯಯನವನ್ನು ಅರ್ಧಕ್ಕೇ ನಿಲ್ಲಿಸಿದರು.

ಗೋಜಲು ಶುರುವಾಗಿದ್ದೇ ಇಲ್ಲಿಂದ. ಆ 142 ಜನರಲ್ಲಿ ಐಸಿಯು ರೋಗಿಗಳು ಇರಲಿಲ್ಲ, ಅವರನ್ನು ಮೊದಲೇ ಹೊರಗಿಟ್ಟಿದ್ದರು. ಆದರೂ ಈ ಅಂಕಿ ತೋರಿಸಿ ಐಸಿಯು ಪೈಪನ್ನೂ ಬೈಯುತ್ತಾರೆ. ಇತ್ತ ಐಸಿಯು ರೋಗಿಯ ನೆಪ ಹೇಳಿ, ಆಪರೇಷನ್ ತಡೆದುಕೊಳ್ಳಬಲ್ಲವರಿಗೂ ಪೈಪು ಹಾಕುತ್ತಾರೆ. ಇಬ್ಬರೂ ಇನ್ನೊಬ್ಬರ ರೋಗಿಯನ್ನು ಮುಂದಿಟ್ಟು ವಾದಿಸುತ್ತಿದ್ದಾರೆ.

ನಡುವೆ ಮೂರನೆಯ ದಾರಿಯೂ ತೆರೆದಿದೆ. ಬಾಯಿಂದ ಇಳಿಸುವ ಎಂಡೋಸ್ಕೋಪ್‌ನ ತುದಿಯ ಅಲ್ಟ್ರಾಸೌಂಡ್ ನೋಡಿಕೊಂಡು, ಜಠರ ಅಥವಾ ಸಣ್ಣ ಕರುಳಿನ ಮೊದಲ ಭಾಗದಿಂದಲೇ ಪಿತ್ತಕೋಶಕ್ಕೆ ಲೋಹದ ಸ್ಟೆಂಟ್ (ದಾರಿ ತೆರೆದಿಡುವ ಪುಟ್ಟ ಕೊಳವೆ) ಹಾಕುವುದು. ರಸ ಹಿಡಿಯೋಕೆ ಮೈ ಹೊರಗೆ ಪ್ಲಾಸ್ಟಿಕ್ ಚೀಲ ತೂಗುಹಾಕಿಕೊಳ್ಳೋ ಕಷ್ಟ ಇಲ್ಲ. 2020ರಲ್ಲಿ ಬಂದ, ಆಪರೇಷನ್ ಆಗದ 80 ಜನರ ಅಧ್ಯಯನದಲ್ಲಿ ಪೈಪಿಗಿಂತ ಇದಕ್ಕೇ ಮೇಲುಗೈ. ಆದರೆ ಅದಕ್ಕೆ ಬೇಕಾದ ಕೈಚಳಕ ಎಲ್ಲೆಡೆ ಸಿಗುವುದಿಲ್ಲ.

ಹಾಕಿದ ಪೈಪಿನ ಮುಂದಿನ ಕಥೆ ಬಗ್ಗೆ ಚರ್ಚೆ ಕಡಿಮೆ. ನಳಿಕೆಯ ಸುತ್ತ ದಾರಿ ಗಟ್ಟಿಯಾಗಲು ಕೆಲವು ವಾರ ಬೇಕು. ಬೇಗ ಕಿತ್ತರೆ ರಸ ಹೊಟ್ಟೆಯೊಳಗೆ ಸೋರಬಹುದು. ಆಮೇಲೆ ನಳಿಕೆಯಲ್ಲಿ ಡೈ ಬಿಟ್ಟು, ಪಿತ್ತಕೋಶದ ಕತ್ತು ತೆರೆದಿದೆಯಾ ಅಂತ ಎಕ್ಸ್‌ರೇಯಲ್ಲಿ ನೋಡಬೇಕು. ಅಷ್ಟರಲ್ಲಿ ರೋಗಿ ಐಸಿಯು ದಾಟಿ, ವಾರ್ಡ್ ದಾಟಿ, ಮನೆ ಸೇರಿರುತ್ತಾರೆ. ಪೈಪು ಹಾಕಿದವರು ರೇಡಿಯಾಲಜಿಯವರು, ಹಾಕಿಸಿದವರು ಐಸಿಯುನವರು, ಪಿತ್ತಕೋಶ ತೆಗೆಯಬೇಕಾದವರು ಸರ್ಜರಿಯವರು. ಡಿಸ್ಚಾರ್ಜ್ ಚೀಟಿಯಲ್ಲಿ 'ಆರು ವಾರ ಬಿಟ್ಟು ತೋರಿಸಿ' ಅಂತ ಬರೆದಿರುತ್ತದೆ. ಯಾರಿಗೆ ತೋರಿಸಬೇಕು ಅಂತ ಎಷ್ಟೋ ಸಲ ಬರೆದಿರುವುದಿಲ್ಲ.