ಕ್ಯಾನಿನ ಮೂಲೆ ಮಾತ್ರ ಯಾಕೆ ಒಡೆಯುತ್ತದೆ?

ಪ್ರಶ್ನೆ: ಎಚ್‌ಡಿಪಿಇ (ಗಟ್ಟಿ ಬಗೆಯ ಪಾಲಿಥಿನ್) ಪ್ಲಾಸ್ಟಿಕ್ಕಿನಲ್ಲಿ 5 ಲೀಟರಿನ ಚೌಕ ಕ್ಯಾನ್ ಮಾಡುತ್ತಿದ್ದೇವೆ. ಗೋಡೆಗಳೆಲ್ಲ ಗಟ್ಟಿಯಾಗಿಯೇ ಇವೆ. ಆದರೆ ನೀರು ತುಂಬಿ ಮೇಲಿಂದ ಬೀಳಿಸಿದರೆ ತಳದ ಮೂಲೆ ಸೀಳುತ್ತದೆ. ತೂಕ ಜಾಸ್ತಿ ಮಾಡಿದರೆ ಸರಿಹೋಗುತ್ತಾ, ಇಲ್ಲ ಮೋಲ್ಡೇ (ಅಚ್ಚೇ) ಬದಲಿಸಬೇಕಾ?

ಉತ್ತರ: ಬ್ಲೋ ಮೋಲ್ಡಿಂಗ್‌ಗೆ, ಅಂದರೆ ಬಿಸಿ ಪ್ಲಾಸ್ಟಿಕ್ಕನ್ನು ಗಾಳಿಯಿಂದ ಉಬ್ಬಿಸಿ ಅಚ್ಚಿಗೆ ಕೂರಿಸುವ ಕೆಲಸಕ್ಕೆ, ಇಳಿದವರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು. ತೂಕ ಏರಿಸುವುದು ಸುಲಭ, ಮೆಷಿನ್ನಿನಲ್ಲಿ ಒಂದು ಸೆಟ್ಟಿಂಗ್ ಬದಲಿಸಿದರೆ ಆಯ್ತು. ಆದರೆ ಅಷ್ಟು ದುಬಾರಿ ದಾರಿ ಇನ್ನೊಂದಿಲ್ಲ. ಯಾಕೆ ಅಂತ ಲೆಕ್ಕ ಹಾಕಿಯೇ ನೋಡೋಣ.

ಡೈಯಿಂದ (ಕರಗಿದ ಪ್ಲಾಸ್ಟಿಕ್ ಹೊರಬರುವ ಲೋಹದ ತುದಿ) ಇಳಿಯುವ ಬಿಸಿ ಪ್ಲಾಸ್ಟಿಕ್ ಕೊಳವೆ ಇದೆಯಲ್ಲ, ಪ್ಯಾರಿಸನ್, ಅದರ ಸುತ್ತ ಮೋಲ್ಡಿನ ಎರಡು ಹೋಳು ಮುಚ್ಚಿಕೊಳ್ಳುತ್ತವೆ. ಒಳಗೆ ಗಾಳಿ ಹೋಗುತ್ತದೆ. ಕೊಳವೆ ದುಂಡಗೆ ಉಬ್ಬುತ್ತಾ ಮೊದಲು ತಾಗುವುದು ಗೋಡೆಗಳ ನಡುಭಾಗಕ್ಕೆ. ಮೋಲ್ಡಿನ ಒಳಗೆ ತಣ್ಣೀರು ಓಡುತ್ತಿರುತ್ತದೆ. ಹಾಗಾಗಿ ತಾಗಿದ ಪ್ಲಾಸ್ಟಿಕ್ ಅಲ್ಲೇ ಕೂತು ಗಟ್ಟಿಯಾಗುತ್ತದೆ, ಮತ್ತೆ ಹಿಗ್ಗುವುದಿಲ್ಲ. ಇನ್ನೂ ಎಲ್ಲೂ ತಾಗದೆ ಉಳಿದಿದೆಯಲ್ಲ, ಅಷ್ಟೇ ಎಳೆದುಕೊಂಡು ಹೋಗಿ ಮೂಲೆ ತುಂಬಬೇಕು. ಪಂಕ್ತಿಯ ಕೊನೆಯಲ್ಲಿ ಕೂತವರ ಎಲೆಗೆ ಪಾಯಸ ಬಂದ ಹಾಗೆ. ತಳದ ಮೂಲೆಯಲ್ಲಂತೂ ಮೂರು ಗೋಡೆ ಸೇರುತ್ತವೆ, ಅದರ ಪಾಡು ಇನ್ನೂ ಕಷ್ಟ.

ನಿಮ್ಮ ಕ್ಯಾನಿನ ಅಡಿ 150 ಮಿ.ಮೀ. ಚೌಕ ಅಂದುಕೊಳ್ಳಿ. ಪ್ಯಾರಿಸನ್ 70 ಮಿ.ಮೀ. ವ್ಯಾಸ, 3 ಮಿ.ಮೀ. ದಪ್ಪ. ಗೋಡೆಯ ನಡುಭಾಗಕ್ಕೆ ತಾಗುವ ಹೊತ್ತಿಗೆ ಅದು 1.4 ಮಿ.ಮೀ.ಗೆ ಇಳಿದಿರುತ್ತದೆ. ಮೂಲೆಯ ದುಂಡಿನ ರೇಡಿಯಸ್ (ತ್ರಿಜ್ಯ) 5 ಮಿ.ಮೀ. ಇದ್ದರೆ ಅಲ್ಲಿಗೆ ತಲುಪುವಾಗ ಉಳಿಯುವುದು ಸುಮಾರು 0.67 ಮಿ.ಮೀ. ಗೋಡೆಯ ಅರ್ಧವೂ ಇಲ್ಲ! ಅದೇ ರೇಡಿಯಸ್ 20 ಮಿ.ಮೀ. ಇದ್ದರೆ 0.98 ಉಳಿಯುತ್ತದೆ. ಇದು ಕಾಗದದ ಲೆಕ್ಕ, ಅದೂ ಉದ್ದಕ್ಕೆ ನಿಂತ ಅಂಚಿನದು. ತಳದ ಮೂಲೆ ಇದಕ್ಕಿಂತ ತೆಳುವೇ ಇರುತ್ತದೆ.

ಈಗ ತೂಕದ ವಿಷಯ. ರೇಡಿಯಸ್ 5 ಇಟ್ಟುಕೊಂಡೇ ಮೂಲೆಯಲ್ಲಿ 0.98 ಬೇಕು ಅಂದರೆ ಇಡೀ ಕ್ಯಾನಿನ ತೂಕ ಹೆಚ್ಚು ಕಡಿಮೆ ಒಂದೂವರೆ ಪಟ್ಟಾಗಬೇಕು. ಹಾಕಿದ ದಾನಾದಲ್ಲಿ (ಪ್ಲಾಸ್ಟಿಕ್ ಕಾಳು) ಬಹುಪಾಲು ಬೇಡದ ಕಡೆ ಹೋಗಿ ಕೂರುತ್ತದೆ. ಸಾಲದ್ದಕ್ಕೆ, ತಣಿಯುವ ಸಮಯ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗೋಡೆ ಒಂದೂವರೆ ಪಟ್ಟಾದರೆ ತಣಿಯಲು ಎರಡು ಪಟ್ಟಿಗೂ ಜಾಸ್ತಿ ಹೊತ್ತು ಬೇಕು. ಸೈಕಲ್‌ನಲ್ಲಿ (ಒಂದು ಕ್ಯಾನ್ ಆಗಲು ಹಿಡಿಯುವ ಹೊತ್ತು) ದೊಡ್ಡ ಪಾಲು ತಣಿಸುವುದಕ್ಕೇ ಹೋಗುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಆದ್ದರಿಂದ ನನ್ನ ಮಾತು: ಮೊದಲು ಮೋಲ್ಡ್ ನೋಡಿ.

ಅದಕ್ಕೂ ಮುಂಚೆ ಒಡೆದ ಕ್ಯಾನನ್ನು ಹ್ಯಾಕ್ಸಾದಲ್ಲಿ ಕೊಯ್ದು ಅಳೆಯಿರಿ. ಒಡಕು ತಳದ ನಡುವೆ ಹೋಗುವ ಪಿಂಚ್ ಗೆರೆಯ (ಮೋಲ್ಡ್ ಮುಚ್ಚಿ ಕೊಳವೆಯನ್ನು ಚಿವುಟಿದ ಜಾಗ) ಮೇಲೇ ನೇರವಾಗಿ ಓಡಿದ್ದರೆ ಅದು ಬೇರೆ ರೋಗ. ಅಲ್ಲಿ ಪ್ಯಾರಿಸನ್ನಿನ ಎರಡು ಪದರ ಸರಿಯಾಗಿ ಬೆಸೆದುಕೊಂಡಿಲ್ಲ. ಪಿಂಚ್ ಅಂಚು ತೀರಾ ಚೂಪಾಗಿದ್ದರೆ ಪ್ಲಾಸ್ಟಿಕ್ಕನ್ನು ಒಳಕ್ಕೆ ಒತ್ತುವ ಮುಂಚೆಯೇ ಕತ್ತರಿಸಿಬಿಡುತ್ತದೆ. ಫ್ಲ್ಯಾಷ್ (ಮೋಲ್ಡಿನ ಹೊರಗುಳಿದ ಹೆಚ್ಚುವರಿ ಪ್ಲಾಸ್ಟಿಕ್) ಕೂರುವ ಜಾಗ ತೀರಾ ಆಳವಿದ್ದರೂ ಅದೇ ಕಥೆ, ಒತ್ತಡ ಸಿಗುವುದಿಲ್ಲ. ಒಡಕು ಮೂಲೆಯಲ್ಲೇ ಶುರುವಾಗಿ, ಅಲ್ಲಿ ದಪ್ಪವೂ ಕಡಿಮೆ ಇದ್ದರೆ ಮಾತ್ರ ಮುಂದಿನದು ನಿಮಗೆ.

ರೇಡಿಯಸ್ ದೊಡ್ಡದು ಮಾಡಿಸೋಣ ಅಂತ ಮೋಲ್ಡ್ ಹೊತ್ತುಕೊಂಡು ಟೂಲ್‌ರೂಮಿಗೆ ಹೋದರೆ ಅವರು ತಲೆ ಕೆರೆದುಕೊಳ್ಳುತ್ತಾರೆ. ಯಾಕೆಂದರೆ ಕ್ಯಾನಿನ ಮೂಲೆ ದುಂಡಗಾಗಬೇಕಾದರೆ ಮೋಲ್ಡಿನ ಮೂಲೆಯಲ್ಲಿ ಲೋಹ ಸೇರಿಸಬೇಕು. ಲೋಹ ತೆಗೆಯುವುದು ಸಲೀಸು, ಸೇರಿಸುವುದು ತಲೆನೋವು. ಅಲ್ಯೂಮಿನಿಯಂ ಮೋಲ್ಡಿಗೆ ವೆಲ್ಡಿಂಗ್ ತುಂಬಿ ಮತ್ತೆ ಕಡೆದರೆ ಆ ಜಾಗದ ಗುರುತು ಕ್ಯಾನಿನ ಮೇಲೆ ಕಾಣಬಹುದು. ನಿಮ್ಮ ಮೋಲ್ಡಿನ ತಳ ಬೇರೆ ಇನ್ಸರ್ಟ್ (ಬಿಚ್ಚಿ ತೆಗೆಯಬಹುದಾದ ತುಂಡು) ಆಗಿದ್ದರೆ ಪುಣ್ಯ, ಅದೊಂದನ್ನೇ ಹೊಸದಾಗಿ ಮಾಡಿಸಿ. ಇನ್ನು ಮುಂದೆ ಹೊಸ ಮೋಲ್ಡ್ ಹೇಳುವಾಗ ರೇಡಿಯಸ್ ದೊಡ್ಡದಾಗಿಯೇ ಶುರು ಮಾಡಿ. ಬೇಕಾದರೆ ಆಮೇಲೆ ಕಡೆದು ಚಿಕ್ಕದು ಮಾಡಬಹುದು. ಗಿರಾಕಿಗೆ ಚೂಪು ಮೂಲೆ ಚೆಂದ ಕಾಣುತ್ತೆ ಅಂತ ಸುಮ್ನೆ ಒಪ್ಪಿಕೊಳ್ಳಬೇಡಿ.

ರೇಡಿಯಸ್ ಬದಲಿಸಿದರೆ ಹಿಡಿತವೂ, ಅಂದರೆ ಕ್ಯಾನ್ ಎಷ್ಟು ಹಿಡಿಯುತ್ತದೆ ಅನ್ನುವುದೂ, ಬದಲಾಗುತ್ತದೆ, ಅದನ್ನು ಮರೆಯಬೇಡಿ. ಮೇಲಿನ ಕ್ಯಾನಿನ ನಾಲ್ಕೂ ನಿಂತ ಅಂಚುಗಳನ್ನು 5ರಿಂದ 20ಕ್ಕೆ ಒಯ್ದರೆ ಸುಮಾರು 75 ಮಿ.ಲೀ. ಕಡಿಮೆಯಾಗುತ್ತದೆ. ಎತ್ತರ 3 ಮಿ.ಮೀ. ಚಿಲ್ಲರೆ ಏರಿಸಿದರೆ ಅದು ವಾಪಸ್ ಸಿಗುತ್ತದೆ. ಕುಗ್ಗುವ ಲೆಕ್ಕ ಇದಕ್ಕಿಂತ ದೊಡ್ಡದು. ಎಚ್‌ಡಿಪಿಇ ತಣಿದಾಗ ಉದ್ದದಲ್ಲಿ ಶೇ. 1.5ರಿಂದ 3ರಷ್ಟು ಕುಗ್ಗುತ್ತದೆ. ಶೇ. 2 ಅಂತ ಹಿಡಿದರೂ ಹಿಡಿತದಲ್ಲಿ ಶೇ. 6 ಹತ್ತಿರ ಹೋಯಿತು, 5 ಲೀಟರಿಗೆ ಸುಮಾರು 300 ಮಿ.ಲೀ. ದಪ್ಪ ಇರುವ ಕಡೆ ಕುಗ್ಗುವುದೂ ಜಾಸ್ತಿ. ತೂಕ ಏರಿಸಿದವರ ಕ್ಯಾನ್ ಅಳತೆಯಲ್ಲಿ ಚಿಕ್ಕದಾಗುವುದು ಇದಕ್ಕೇ.

ಮೂಲೆ ಕೆಡಲು ಇನ್ನೊಂದು ಕಾರಣ ಸಿಕ್ಕಿಕೊಂಡ ಗಾಳಿ. ಪ್ಲಾಸ್ಟಿಕ್ಕಿಗೂ ಲೋಹಕ್ಕೂ ನಡುವೆ ಇದ್ದ ಗಾಳಿ ಕೊನೆಗೆ ಹೋಗಿ ಸೇರುವುದು ಮೂಲೆಗೇ, ಅಲ್ವಾ? ಅದಕ್ಕೆ ಹೊರದಾರಿ ಇಲ್ಲದಿದ್ದರೆ ಪ್ಲಾಸ್ಟಿಕ್ ಪೂರ್ತಿ ಕೂರುವುದಿಲ್ಲ, ಸರಿಯಾಗಿ ತಣಿಯುವುದೂ ಇಲ್ಲ. ಪಾರ್ಟಿಂಗ್ ಲೈನಿನಲ್ಲಿ (ಮೋಲ್ಡಿನ ಎರಡು ಹೋಳು ಸೇರುವ ಗೆರೆ) 0.05 ಮಿ.ಮೀ. ಆಳದ ವೆಂಟ್, ಅಂದರೆ ಗಾಳಿ ಹೋಗುವ ಸೀಳು, ಸಾಕು, ಕಣ್ಣಿಗೆ ಬೀಳುವಂಥ ಗುರುತು ಬರುವುದಿಲ್ಲ. ಎಚ್‌ಡಿಪಿಇಗೆ ಕನ್ನಡಿ ಹಾಗೆ ಪಾಲಿಶ್ ಮಾಡಿಸುವುದು ದುಡ್ಡು ದಂಡ. ಮರಳು ಹೊಡೆಸಿ ತುಸು ತರಿ ಮಾಡಿದ ಮೈಯೇ ಗಾಳಿಗೆ ದಾರಿ ಕೊಡುತ್ತದೆ.

ಇಷ್ಟು ಮಾಡಿದ ಮೇಲೂ ಸಾಲದಿದ್ದರೆ ಪ್ಯಾರಿಸನ್ ಪ್ರೋಗ್ರಾಮರ್‌ನಲ್ಲಿ (ಕೊಳವೆ ಇಳಿಯುತ್ತಿರುವಾಗಲೇ ಅದರ ದಪ್ಪ ಬದಲಿಸುವ ವ್ಯವಸ್ಥೆ) ತಳದ ಹತ್ತಿರ ದಪ್ಪ ಏರಿಸಿ. ಆದರೆ ಅದು ಮೇಲೆ ಕೆಳಗೆ ಮಾತ್ರ ಬದಲಿಸುತ್ತದೆ, ಸುತ್ತಲೂ ದಪ್ಪ ಒಂದೇ ಇರುತ್ತದೆ. ನಾಲ್ಕು ಮೂಲೆಗಷ್ಟೇ ಜಾಸ್ತಿ ಬೇಕು ಅಂದರೆ ಡೈಯ ಬಾಯಿಯನ್ನೇ ಆ ನಾಲ್ಕು ಕಡೆ ತುಸು ಕಡೆಸಬೇಕು. ಆ ಕೆಲಸವನ್ನು ಕೊನೆಗೆ ಇಟ್ಟುಕೊಳ್ಳಿ. ಅದೇ ಡೈಯಲ್ಲಿ ಗುಂಡು ಬಾಟಲಿಯನ್ನೂ ಹಾಕುತ್ತಿದ್ದರೆ ಅದಕ್ಕೆ ಬೇರೆ ಡೈ ಇಡಬೇಕಾಗುತ್ತದೆ.